ಟೈಗರ್ ಟ್ಯಾಂಕಿನ ಕಿಟ್: ಯಾವ ಕಂಪನಿಯದು ಎನ್ನುವ ಮೊದಲು, ಯಾವ ತಿಂಗಳಿನದು?

ಪ್ರಶ್ನೆ: ಸರ್, ನಮಸ್ಕಾರ. ನಾನು ಸಾಗರದವನು, ವಯಸ್ಸು 41. ಕಾಲೇಜಿನಲ್ಲಿದ್ದಾಗ 1:72 ಅಳತೆಯ (ನಿಜದ್ದರ 72ನೇ ಒಂದು ಭಾಗದಷ್ಟು) ಎರಡು ಪ್ಲಾಸ್ಟಿಕ್ ಮಾದರಿ ವಿಮಾನ ಕಟ್ಟಿದ್ದೆ, ಅಷ್ಟೇ ಅನುಭವ. ಈಗ 1:35ರಲ್ಲಿ ಎರಡನೇ ಮಹಾಯುದ್ಧದ ಜರ್ಮನ್ ಟೈಗರ್ ಟ್ಯಾಂಕ್ ಕಟ್ಟುವ ಆಸೆ ಹುಟ್ಟಿದೆ. ‘ಒಳಗೆ ಇಂಜಿನ್, ಗುಂಡು, ಸೀಟು ಎಲ್ಲ ಇರೋ ಕಿಟ್ಟೇ ತಗೋ, ಮತ್ತೆ ಮತ್ತೆ ದುಡ್ಡು ಹಾಕೋದು ತಪ್ಪುತ್ತೆ’ ಎನ್ನುತ್ತಾನೆ ಗೆಳೆಯ. ಅಂಗಡಿಯಲ್ಲಿ ಜಪಾನಿನ ಟಮಿಯಾ ಕಂಪನಿಯ ಕಿಟ್ ತೋರಿಸಿದರು. ಅದು 1990ರ ದಶಕದ ಅಚ್ಚು ಎಂದು ತಿಳಿದು ಸುಮ್ಮನೆ ವಾಪಸ್ ಬಂದೆ. ಪೆಟ್ಟಿಗೆಗಳ ಮೇಲೆ ಇನಿಷಿಯಲ್, ಅರ್ಲಿ, ಮಿಡ್, ಲೇಟ್ ಎಂದೆಲ್ಲ ಬರೆದಿದೆ, ಒಂದೂ ಅರ್ಥವಾಗಲಿಲ್ಲ. ಒಳ್ಳೆಯ ಕಿಟ್ ಯಾವುದು? ಹನ್ನೊಂದು ವರ್ಷದ ಮಗಳು ತಾನೂ ಜೊತೆಗೆ ಕೂರುತ್ತೇನೆ ಎನ್ನುತ್ತಿದ್ದಾಳೆ.

ಉತ್ತರ: ಮೊದಲು ನಿಮ್ಮ ಗೆಳೆಯರ ಸಲಹೆಯನ್ನು ಇತ್ಯರ್ಥ ಮಾಡಿಬಿಡೋಣ. ಪೂರ್ತಿ ಒಳಾಂಗಣದ ಕಿಟ್ ಈಗ ಬೇಡ. ಅವರ ಲೆಕ್ಕ ತಪ್ಪಲ್ಲ, ಆದರೆ ಅದು ಕೊಳ್ಳುವವರ ಲೆಕ್ಕ, ಕಟ್ಟುವವರದಲ್ಲ. ಟೈಗರಿನ 88 ಮಿ.ಮೀ. ತೋಪಿಗೆ ಟ್ಯಾಂಕಿನೊಳಗೆ 92 ಗುಂಡು ಇಡುತ್ತಿದ್ದರು. ಒಳಾಂಗಣದ ಕಿಟ್ಟಿನಲ್ಲಿ ಈ ಗುಂಡುಗಳೂ ನಿಮ್ಮ ಪಾಲಿಗೇ ಬರುತ್ತವೆ: ಸ್ಪ್ರೂನಿಂದ (ಭಾಗಗಳು ಅಂಟಿಕೊಂಡು ಬರುವ ಪ್ಲಾಸ್ಟಿಕ್ ಚೌಕಟ್ಟು) ಕತ್ತರಿಸಬೇಕು, ಅಚ್ಚಿನ ಗೆರೆ ಉಜ್ಜಬೇಕು, ಮೂತಿಗೊಂದು ಬಣ್ಣ, ಬುಡಕ್ಕೊಂದು ಬಣ್ಣ ಬಳಿಯಬೇಕು, ಆಮೇಲೆ ಗೂಡಿನಲ್ಲಿ ಸಾಲಾಗಿ ಕೂರಿಸಬೇಕು. ಇಂಥದ್ದೊಂದು ಕಿಟ್ ತಂದು ನಾನೂ ಹುರುಪಿನಿಂದ ಕೂತಿದ್ದೆ. ಮೂವತ್ತು ಚಿಲ್ಲರೆ ಗುಂಡಿಗೆ ಬಣ್ಣ ಬಳಿಯುವಷ್ಟರಲ್ಲಿ ದೀಪಾವಳಿ ಬಂತು, ಮನೆ ಸ್ವಚ್ಛ ಮಾಡುವಾಗ ಪೆಟ್ಟಿಗೆ ಅಟ್ಟ ಸೇರಿತು. ಅದಾಗಿ ಆರು ದೀಪಾವಳಿ ಕಳೆದಿವೆ.

ಇನ್ನೊಂದು ಸಂಗತಿಯನ್ನು ಅಂಗಡಿಯವರು ಹೇಳುವುದಿಲ್ಲ. ಇಷ್ಟೆಲ್ಲ ಮಾಡಿ ಒಡಲಿನ ಮೇಲ್ಭಾಗ ಮುಚ್ಚಿದರೆ ಒಳಗಿನದ್ದು ಯಾರಿಗೂ ಕಾಣದು. ಕಾಣಲೆಂದು ಅಂಟಿಸದೆ ಹಾಗೇ ಬಿಟ್ಟರೆ ಹೊರಗಿನ ಅಂಚುಗಳು ಸರಿಯಾಗಿ ಕೂರವು. ಜೊತೆಗೆ ಒಳಗೋಡೆಗಳು ಒಂದಿಷ್ಟು ಓರೆಯಾದರೂ ಸಾಕು, ಆ ಓರೆ ಹೊರಕವಚದವರೆಗೂ ಬರುತ್ತದೆ. ಎರಡು ವಿಮಾನ ಕಟ್ಟಿದ ಕೈಗೆ ಇದು ನೇರವಾಗಿ ಏಳನೇ ತರಗತಿಯ ಪರೀಕ್ಷೆ.

ಟಮಿಯಾದ ವಯಸ್ಸಿನ ಬಗ್ಗೆ ಹಿಂಜರಿದಿರಲ್ಲ, ಅದು ಬೇಕಿರಲಿಲ್ಲ. ಅವರ ಅರ್ಲಿ ಟೈಗರ್, ನಂಬರ್ 35216, 1997ರದ್ದು. ಇನಿಷಿಯಲ್ ಎಂದು ಮಾರುವ ಆಫ್ರಿಕಾದ ಟೈಗರ್, ನಂಬರ್ 35227, ಅದರ ಹಿಂದೆಯೇ ಬಂತು. ಅಚ್ಚಿಗೆ ವಯಸ್ಸಾಗುವುದು ಎರಡು ರೀತಿ. ಅಚ್ಚು ಸವೆದು ಭಾಗಗಳ ಅಂಚಿನಲ್ಲಿ ಪ್ಲಾಸ್ಟಿಕ್ ಪೊರೆ ಏಳಲು ಶುರುವಾಗುವುದು ಒಂದು. ಅಚ್ಚು ಮಾಡಿದ ಕಾಲದ ತಿಳಿವಳಿಕೆಯೇ ಹಳತಾಗಿ ಆಕಾರ ತಪ್ಪಾಗಿರುವುದು ಇನ್ನೊಂದು. ಈ ಎರಡು ಕಿಟ್ಟುಗಳಲ್ಲಿ ನಿಮ್ಮನ್ನು ಕಾಡುವಷ್ಟು ಎರಡೂ ಇಲ್ಲ. ಭಾಗಕ್ಕೆ ಭಾಗ ಕೂರುವ ರೀತಿಯಲ್ಲಿ ಇವು ಇವತ್ತಿನ ಎಷ್ಟೋ ಹೊಸ ಕಿಟ್ಟುಗಳಿಗಿಂತ ಮೇಲು. ಕಡಿಮೆ ಇರುವುದೆಂದರೆ ಸೂಕ್ಷ್ಮತೆ. ಬೆಸುಗೆಯ ಗೆರೆಗಳು ಸ್ವಲ್ಪ ಸಪ್ಪೆ, ಇಂಜಿನ್ ಮೇಲಿನ ಲೋಹದ ಜಾಲರಿಯನ್ನು ಬೇರೆ ಕೊಳ್ಳಬೇಕು, ಟ್ರ್ಯಾಕ್ (ಚಕ್ರಗಳನ್ನು ಸುತ್ತುವ ಸರಪಳಿ) ರಬ್ಬರ್ ಬೆಲ್ಟಿನಂಥದ್ದು. ಟ್ರ್ಯಾಕಿನ ವಿಷಯಕ್ಕೆ ಆಮೇಲೆ ಬರುತ್ತೇನೆ.

ನಿಮ್ಮ ತಲೆ ಕೆಡಿಸಿದ ಆ ನಾಲ್ಕು ಪದಗಳಿಗೆ ಬರೋಣ. ಇಡೀ ಪ್ರಶ್ನೆಯ ಜೀವ ಇರುವುದೇ ಅಲ್ಲಿ.

ಇನಿಷಿಯಲ್, ಅರ್ಲಿ, ಮಿಡ್, ಲೇಟ್: ಇವು ಜರ್ಮನ್ ಸೇನೆ ಇಟ್ಟ ಹೆಸರುಗಳಲ್ಲ. ಸೇನೆಯ ಕಡತದಲ್ಲಿ ಮೊದಲು ಆಸ್ಫ್ಯೂರುಂಗ್ (ಎಂದರೆ ಆವೃತ್ತಿ) ಎಚ್ 1, ಆಮೇಲೆ 1943ರಿಂದ ಆಸ್ಫ್ಯೂರುಂಗ್ ಇ ಎಂಬ ಒಂದೇ ಹೆಸರು. ಉಳಿದದ್ದು ಸಂಶೋಧಕರು, ಕಿಟ್ ಮಾಡುವವರು ಅನುಕೂಲಕ್ಕೆ ಎಳೆದ ಗೆರೆ. ಕಾಸೆಲ್ ನಗರದ ಹೆನ್ಷೆಲ್ ಕಾರ್ಖಾನೆ 1942ರ ಆಗಸ್ಟಿನಿಂದ 1944ರ ಆಗಸ್ಟಿನವರೆಗೆ ಸುಮಾರು 1,350 ಟೈಗರ್ ಮಾಡಿತು. ಆ ಎರಡು ವರ್ಷದಲ್ಲಿ ಟ್ಯಾಂಕು ಒಂದೇ ಥರ ಉಳಿಯಲಿಲ್ಲ. ಇದನ್ನು ಸೇರಿಸು, ಅದನ್ನು ತೆಗೆ, ಇನ್ನೊಂದನ್ನು ಅಗ್ಗವಾಗಿ ಮಾಡು ಎಂದು ಬದಲಾವಣೆ ನಡೆಯುತ್ತಲೇ ಇತ್ತು. ಹಾಗಾಗಿ ಟೈಗರಿಗೆ ಮಾಡೆಲ್ ನಂಬರ್ ಕೇಳುವ ಬದಲು ಹುಟ್ಟಿದ ತಿಂಗಳು ಕೇಳುವುದು ಸರಿ.

ಹೊರಗಿನಿಂದ ಗುರುತು ಹಿಡಿಯಲು ಮೂರು ಸಂಗತಿ ಸಾಕು. ಮೊದಲನೆಯದು ಟರೆಟ್ಟಿನ (ತೋಪು ಹೊತ್ತು ತಿರುಗುವ ಮೇಲ್ಭಾಗ) ಮೇಲೆ ಕಮಾಂಡರ್ ತಲೆ ಹಾಕುವ ಕ್ಯುಪೋಲಾ. 1943ರ ಜುಲೈವರೆಗೆ ಅದು ಎತ್ತರದ ಡಬ್ಬಿಯ ಹಾಗಿತ್ತು, ಗೋಡೆಯಲ್ಲಿ ಸೀಳುಗಳ ಮೂಲಕ ಹೊರಗೆ ನೋಡಬೇಕಿತ್ತು. ಆಮೇಲೆ ಬಂದದ್ದು ತಗ್ಗಾದದ್ದು, ಸುತ್ತ ಪೆರಿಸ್ಕೋಪುಗಳಿರುವಂಥದ್ದು. ಎರಡನೆಯದು ಜಿಮ್ಮರಿಟ್. ಶತ್ರು ಸೈನಿಕರು ಅಯಸ್ಕಾಂತದ ಸಿಡಿಮದ್ದು ಅಂಟಿಸದಿರಲಿ ಎಂದು ಕವಚದ ಮೇಲೆ ಬಳಿಯುತ್ತಿದ್ದ ಗಾರೆ ಅದು. ಬರ್ಲಿನ್ನಿನ ಜಿಮ್ಮರ್ ಎಂಬ ರಾಸಾಯನಿಕ ಕಂಪನಿಯ ತಯಾರಿ. ಬೇರಿಯಂ ಸಲ್ಫೇಟ್, ಅಂಟು, ಮರದ ಹೊಟ್ಟು ಇತ್ಯಾದಿಗಳ ಮಿಶ್ರಣ. ಹಸಿಯಿದ್ದಾಗಲೇ ಅದರ ಮೇಲೆ ಅಡ್ಡ ಏಣುಗಳನ್ನು ಮೂಡಿಸುತ್ತಿದ್ದರು. ಟೈಗರಿಗೆ ಇದನ್ನು ಬಳಿಯಲು ಶುರು ಮಾಡಿದ್ದು 1943ರ ಬೇಸಿಗೆಯ ಕೊನೆಗೆ. ಮೂರನೆಯದು ಚಕ್ರ. 1944ರ ಫೆಬ್ರವರಿವರೆಗೆ ರಬ್ಬರ್ ಪಟ್ಟಿ ಹಾಕಿದ ಚಕ್ರ, ಒಂದೊಂದು ಬದಿಗೆ 24. ಆಮೇಲೆ ಉಕ್ಕಿನ ಅಂಚಿನ ಚಕ್ರ, ಬದಿಗೆ 16.

ಈ ಮೂರನ್ನು ಜೋಡಿಸಿ ನೋಡಿ. ಡಬ್ಬಿ ಕ್ಯುಪೋಲಾ, ಗಾರೆ ಇಲ್ಲ, ರಬ್ಬರ್ ಚಕ್ರ: ಇದು ಇನಿಷಿಯಲ್ ಅಥವಾ ಅರ್ಲಿ. ತಗ್ಗು ಕ್ಯುಪೋಲಾ, ಗಾರೆ ಇದೆ, ಚಕ್ರ ಇನ್ನೂ ರಬ್ಬರಿನದ್ದೇ: ಮಿಡ್. ಗಾರೆಯೂ ಇದೆ, ಉಕ್ಕಿನ ಚಕ್ರವೂ ಬಂದಿದೆ: ಲೇಟ್. ಇನಿಷಿಯಲ್ ಮತ್ತು ಅರ್ಲಿಗಳ ನಡುವಿನ ವ್ಯತ್ಯಾಸ ಇನ್ನೂ ಸಣ್ಣ ಸಣ್ಣ ವಿವರಗಳಲ್ಲಿದೆ, ಅದಕ್ಕೆ ಈಗ ಹೋಗುವುದು ಬೇಡ. ಹಿಂಬದಿಯಲ್ಲಿ ದಪ್ಪ ಕೊಳವೆಗಳ ಸಮೇತ ಕೂರುವ ಫೈಫೆಲ್ ಎಂಬ ಧೂಳು ಸೋಸುವ ಸಾಧನ, ಟರೆಟ್ಟಿನ ಎರಡು ಕೆನ್ನೆಗೂ ಮೂರು ಮೂರು ಹೊಗೆ ಎರಚುವ ಕೊಳವೆ: ಇವು ಕಂಡರೆ 1943ರ ನಡುವಿಗಿಂತ ಹಿಂದಿನ ಟೈಗರ್ ಎಂದುಕೊಳ್ಳಿ, ಹೆಚ್ಚಾಗಿ ತಪ್ಪಾಗದು.

ಈ ಲೆಕ್ಕ ಗೊತ್ತಿದ್ದರೆ ಪೆಟ್ಟಿಗೆಯ ಚಿತ್ರವನ್ನೇ ನೀವು ಪರೀಕ್ಷಿಸಬಹುದು. ರಷ್ಯಾದ ಕುರ್ಸ್ಕ್ ಕದನ ಶುರುವಾದದ್ದು 1943ರ ಜುಲೈ 5ಕ್ಕೆ. ಅಲ್ಲಿದ್ದ ಟೈಗರಿಗೆ ಗಾರೆ ಇರಲು ಸಾಧ್ಯವಿಲ್ಲ, ಉಕ್ಕಿನ ಚಕ್ರವಂತೂ ಇಲ್ಲವೇ ಇಲ್ಲ. ‘ಕುರ್ಸ್ಕ್’ ಎಂದು ಬರೆದ ಯಾವುದೇ ಮಾದರಿಯ ಮೇಲೆ ಅಡ್ಡ ಏಣಿನ ಗಾರೆ ಕಂಡರೆ ಆ ಪೆಟ್ಟಿಗೆಯನ್ನು ಅಲ್ಲೇ ಇಟ್ಟು ಮುಂದೆ ಹೋಗಿ. ಹಾಗೆಯೇ 1944ರಲ್ಲಿ ಫ್ರಾನ್ಸಿನ ನಾರ್ಮಂಡಿಯಲ್ಲಿದ್ದ ಟೈಗರ್ ನುಣುಪಾಗಿದ್ದರೆ ಏನೋ ತಪ್ಪಿದೆ ಎಂದು ಅರ್ಥ.

ಹಾಗಾದರೆ ನಿಮಗೆ ಯಾವ ತಿಂಗಳಿನದು ಸರಿ? ಹೊಸಬರಿಗೆ ಲೇಟ್ ಸುಲಭ ಅನ್ನಿಸಬಹುದು, ಚಕ್ರ ಕಡಿಮೆಯಲ್ಲವೇ. ಆದರೆ ಗಾರೆ ಇದೆಯಲ್ಲ. ಟಮಿಯಾದ ಲೇಟ್ ಟೈಗರ್, ನಂಬರ್ 35146, 1989ರ ಕಿಟ್, ಮೈಯೆಲ್ಲ ನುಣುಪು. ಗಾರೆಯನ್ನು ನೀವೇ ಪುಟ್ಟಿಯಲ್ಲಿ ಎಳೆಯಬೇಕು, ಇಲ್ಲವೇ ಟಮಿಯಾದವರೇ ಮಾರುವ ಗಾರೆಯ ಸ್ಟಿಕ್ಕರ್ ಹಾಳೆ ಅಂಟಿಸಬೇಕು. ನಾನು ಪುಟ್ಟಿಯಲ್ಲಿ ಮೊದಲ ಸಲ ಮಾಡಿದಾಗ ಟ್ಯಾಂಕಿಗೆ ಯಾರೋ ಕೋಡುಬಳೆ ಹಿಟ್ಟು ಮೆತ್ತಿದ ಹಾಗಿತ್ತು. ನಿಜವಾದ ಗಾರೆಯ ದಪ್ಪ ಕೆಲವೇ ಮಿಲಿಮೀಟರ್, ಅದನ್ನು 35ರಿಂದ ಭಾಗಿಸಿದರೆ ಕಾಗದದ ದಪ್ಪ. ಕೈ ಪಳಗದೆ ಅಷ್ಟು ತೆಳ್ಳಗೆ ಬರುವುದಿಲ್ಲ. ಅಚ್ಚಿನಲ್ಲೇ ಗಾರೆ ಮೂಡಿಸಿರುವ ಕಿಟ್ಟುಗಳನ್ನು ಹಾಂಗ್‌ಕಾಂಗಿನ ಡ್ರ್ಯಾಗನ್ ಕಂಪನಿ ಮಾಡಿದೆ. ಅವುಗಳಲ್ಲಿ ಕೆಲಸ ಚೆನ್ನಾಗಿದೆ, ಆದರೆ ಒಂದೊಂದು ಪೆಟ್ಟಿಗೆಯಲ್ಲೂ ಬೇರೆ ಬೇರೆ ಆವೃತ್ತಿಗೆಂದು ಬಳಸದೇ ಉಳಿಯುವ ಭಾಗಗಳ ರಾಶಿ ಇರುತ್ತದೆ. ಸೂಚನಾ ಹಾಳೆಯನ್ನು ಎರಡು ಸಲ ಓದಿ, ಅಂಟಿಲ್ಲದೆ ಒಮ್ಮೆ ಜೋಡಿಸಿ ನೋಡಿ, ಆಮೇಲೆ ಅಂಟು ಹಾಕುವ ತಾಳ್ಮೆ ಬೇಕು.

ಆದ್ದರಿಂದ ನನ್ನ ಮತ ಗಾರೆ ಇಲ್ಲದ ಟೈಗರಿಗೆ. ಅದರಲ್ಲೂ ಒಂದು ನಿರ್ದಿಷ್ಟ ಟ್ಯಾಂಕನ್ನೇ ಆರಿಸಿಕೊಳ್ಳಿ ಎನ್ನುತ್ತೇನೆ: ಟೈಗರ್ 131.

ಈ ಟ್ಯಾಂಕು ಇವತ್ತಿಗೂ ಇದೆ. ಜರ್ಮನ್ ಸೇನೆಯ 504ನೇ ಹೆವಿ ಟ್ಯಾಂಕ್ ಬೆಟಾಲಿಯನ್ನಿನದು. 1943ರ ಏಪ್ರಿಲಿನಲ್ಲಿ ಟ್ಯುನೀಶಿಯಾದಲ್ಲಿ ಬ್ರಿಟಿಷರ ಚರ್ಚಿಲ್ ಟ್ಯಾಂಕುಗಳ ಗುಂಡು ತಗುಲಿ ಟರೆಟ್ ತಿರುಗದಂತಾಯಿತು, ಒಳಗಿದ್ದವರು ಬಿಟ್ಟು ಓಡಿದರು. ಬ್ರಿಟಿಷರು ಅದನ್ನು ಇಂಗ್ಲೆಂಡಿಗೆ ಸಾಗಿಸಿ ಬಿಚ್ಚಿ, ಅಳೆದು, ಪರೀಕ್ಷಿಸಿದರು. 1951ರಿಂದ ಡಾರ್ಸೆಟ್ ಪ್ರಾಂತದ ಬೋವಿಂಗ್ಟನ್ ಟ್ಯಾಂಕ್ ಮ್ಯೂಸಿಯಮ್ಮಿನಲ್ಲಿದೆ. ಬಹಳ ವರ್ಷ ದುರಸ್ತಿ ಮಾಡಿ ಮತ್ತೆ ಓಡುವ ಸ್ಥಿತಿಗೆ ತಂದಿದ್ದಾರೆ. ವರ್ಷದಲ್ಲಿ ಕೆಲವು ದಿನ ಜನರ ಮುಂದೆ ಅದನ್ನು ಓಡಿಸಿ ತೋರಿಸುತ್ತಾರೆ.

ಇದರಿಂದ ನಿಮಗೇನು ಲಾಭ ಎಂದರೆ, ಆ ಟ್ಯಾಂಕಿನ ಒಂದೊಂದು ಬೋಲ್ಟಿನ ಫೋಟೋ ಸಿಗುತ್ತದೆ. ಹಿಂಬದಿಯ ಕೊಳವೆ ಎಲ್ಲಿ ಬಾಗುತ್ತದೆ, ಜ್ಯಾಕ್ ಎಲ್ಲಿ ಕಟ್ಟಿದ್ದಾರೆ, ಎಳೆಯುವ ಉಕ್ಕಿನ ಹಗ್ಗ ಹೇಗೆ ಹಾದುಹೋಗಿದೆ ಎಂಬುದಕ್ಕೆ ಸೂಚನಾ ಹಾಳೆಯ ಚಿತ್ರ ನೋಡಿ ಊಹಿಸಬೇಕಿಲ್ಲ. ಅದರಲ್ಲಿ ಡಬ್ಬಿ ಕ್ಯುಪೋಲಾ ಇದೆ, ಹೊಗೆ ಕೊಳವೆ ಇವೆ, ಗಾರೆ ಇಲ್ಲ. ಬಣ್ಣ ಬಹುಪಾಲು ಒಂದೇ ಹದದ್ದು. ಮೇಲೆ ಕೆಂಪು ಅಂಕಿಯ 131, ಸುತ್ತ ಬಿಳಿ ಅಂಚು. ಮೊದಲ ಟ್ಯಾಂಕಿಗೆ ಇದಕ್ಕಿಂತ ಒಳ್ಳೆಯ ಗುರು ನನಗೆ ಗೊತ್ತಿಲ್ಲ.

ಇದಕ್ಕೆ ಟಮಿಯಾದ 35227 ಸರಿಹೊಂದುತ್ತದೆ. ಕೊಳ್ಳುವಾಗ ಡೆಕಾಲ್ (ನೀರಿನಲ್ಲಿ ನೆನೆಸಿ ಅಂಟಿಸುವ ಅಂಕಿ, ಗುರುತು) ಹಾಳೆಯಲ್ಲಿ 131 ಇದೆಯೇ ನೋಡಿಕೊಳ್ಳಿ. ಇಲ್ಲದಿದ್ದರೆ ಆ ಅಂಕಿಗಳ ಡೆಕಾಲ್ ಬೇರೆ ತರಿಸಿ. ಆ ಕಿಟ್ಟೇ ಸಿಗದಿದ್ದರೆ 35216 ತಗೊಂಡು ಕುರ್ಸ್ಕಿನ ಟೈಗರ್ ಕಟ್ಟಿ. ಎರಡೂ ಸಿಗದಿದ್ದರೆ? ದಕ್ಷಿಣ ಕೊರಿಯಾದ ಅಕಾಡೆಮಿಯವರ ಅರ್ಲಿ ಟೈಗರ್ ಇದೆ, ಬೆಲೆ ಹಗುರ, ಸ್ವಲ್ಪ ಒಳಾಂಗಣವೂ ಬರುತ್ತದೆ. ಅದನ್ನು ಹಾಕಿದರೂ ಸರಿ, ಬಿಟ್ಟರೂ ಸರಿ. ರಷ್ಯಾದ ಜ್ವೆಜ್ದಾ ಕೂಡ ಪರವಾಗಿಲ್ಲ. ರೈ ಫೀಲ್ಡ್, ಟಾಕಾಮ್, ಬಾರ್ಡರ್ ಎಂಬ ಕಂಪನಿಗಳ ಟೈಗರುಗಳು ವಿವರದಲ್ಲಿ ಇವೆಲ್ಲವನ್ನೂ ಮೀರಿಸುತ್ತವೆ, ಅದರಲ್ಲಿ ಎರಡು ಮಾತಿಲ್ಲ. ನಿಮ್ಮ ಗೆಳೆಯರು ಹೇಳಿದ್ದು ಬಹುಶಃ ರೈ ಫೀಲ್ಡಿನ ಒಳಾಂಗಣದ ಕಿಟ್ ಇರಬೇಕು. ಅದು ನಿಮ್ಮ ಮೂರನೆಯ ಟ್ಯಾಂಕ್ ಆಗಲಿ.

ಹೊಸ ಪೆಟ್ಟಿಗೆ ಎಂದರೆ ಹೊಸ ಅಚ್ಚು ಎಂದುಕೊಳ್ಳಬೇಡಿ. ಒಂದು ಕಂಪನಿಯ ಹಳೇ ಅಚ್ಚು ಇನ್ನೊಂದು ಕಂಪನಿಯ ಥಳಥಳಿಸುವ ಪೆಟ್ಟಿಗೆಯಲ್ಲಿ ಬರುವುದು ಈ ಲೋಕದಲ್ಲಿ ಮಾಮೂಲು. ಸ್ಕೇಲ್‌ಮೇಟ್ಸ್ ಎಂಬ ಮಾಹಿತಿಕೋಶದಲ್ಲಿ ಕಿಟ್ಟಿನ ನಂಬರ್ ಹಾಕಿದರೆ ಅಚ್ಚಿನ ವಂಶಾವಳಿಯೇ ಸಿಗುತ್ತದೆ. ಸಂಬಂಧ ಕುದುರಿಸುವ ಮೊದಲು ಗೋತ್ರ ಕೇಳುವ ಹಾಗೆ, ಇದನ್ನೊಂದು ಸಲ ನೋಡಿಬಿಡಿ.

ಅಳತೆಯ ಬಗ್ಗೆ ನೀವು ಕೇಳಿಲ್ಲ, ಆದರೂ ಒಂದು ಮಾತು. ತೋಪಿನ ನಳಿಗೆಯೂ ಸೇರಿ ಟೈಗರಿನ ಉದ್ದ 8.45 ಮೀಟರ್. 1:35ರಲ್ಲಿ ಅದು 24 ಸೆಂಟಿಮೀಟರ್, 1:48ರಲ್ಲಿ ಹದಿನೇಳೂವರೆ, 1:72ರಲ್ಲಿ 12ರ ಹತ್ತಿರ. ಕೈಗೆ ತೂಕವಾಗಿ ಸಿಗುವುದು 1:35. ಅಂದಹಾಗೆ ಈ ವಿಚಿತ್ರ ಅಳತೆ ಹುಟ್ಟಿದ್ದು ಯಾವ ಶಾಸ್ತ್ರದಿಂದಲೂ ಅಲ್ಲ. 1960ರ ದಶಕದ ಆರಂಭದಲ್ಲಿ ಟಮಿಯಾ ಮೋಟಾರಿನಿಂದ ಓಡುವ ಪ್ಯಾಂಥರ್ ಟ್ಯಾಂಕ್ ಮಾಡಿತು. ಒಳಗೆ ಬ್ಯಾಟರಿ ಹಿಡಿಸುವಷ್ಟು ದೊಡ್ಡದು ಮಾಡಿ ಆಮೇಲೆ ಅಳೆದು ನೋಡಿದರೆ ಅದು ನಿಜದ ಟ್ಯಾಂಕಿನ 35ನೇ ಒಂದು ಭಾಗದ ಹತ್ತಿರ ಬಂದಿತ್ತು. ಮಿಕ್ಕವರೆಲ್ಲ ಅದನ್ನೇ ಹಿಡಿದರು.

ಟೈಗರ್ ನೋಡಲು ಭಯ ಹುಟ್ಟಿಸಿದರೂ ಕಟ್ಟಲು ಸಾಧು. ಒಡಲು ಇಟ್ಟಿಗೆ ಜೋಡಿಸಿದ ಹಾಗೆ ಚಪ್ಪಟೆ ಹಲಗೆಗಳು, ಪ್ಯಾಂಥರಿನ ಹಾಗೆ ಓರೆ ಮುಖಗಳಿಲ್ಲ. ಕಷ್ಟ ಇರುವುದು ಕೆಳಗೆ, ಚಕ್ರ ಮತ್ತು ಟ್ರ್ಯಾಕಿನಲ್ಲಿ. ಚಕ್ರಗಳು ಒಂದರ ಸಂದಿನಲ್ಲಿ ಒಂದು ಹೆಣೆದುಕೊಂಡಿವೆ. 57 ಟನ್ ಭಾರವನ್ನು ನೆಲದ ಮೇಲೆ ಹರಡಲು ಜರ್ಮನ್ ಇಂಜಿನಿಯರುಗಳು ಹೂಡಿದ ಉಪಾಯ ಅದು. ರಷ್ಯಾದ ಚಳಿಗಾಲದಲ್ಲಿ ಆ ಸಂದುಗಳಲ್ಲಿ ಕೆಸರು ತುಂಬಿ ಹೆಪ್ಪುಗಟ್ಟುತ್ತಿತ್ತು. ಒಳಸಾಲಿನ ಒಂದು ಚಕ್ರ ಕೆಟ್ಟರೆ ಹೊರಸಾಲಿನ ಹಲವು ಚಕ್ರ ಕಳಚಬೇಕಿತ್ತು. ಅವರ ಪಾಡೇ ನಿಮ್ಮ ಪಾಡು: ಚಕ್ರಗಳನ್ನು ಕೂರಿಸಿದ ಮೇಲೆ ಒಳಸಾಲಿಗೆ ಬ್ರಷ್ ಹೋಗುವುದಿಲ್ಲ. ಆದ್ದರಿಂದ ಎಲ್ಲ 48 ಚಕ್ರಗಳನ್ನು ಮೊದಲೇ, ಬಿಡಿಯಾಗಿದ್ದಾಗಲೇ, ಬಣ್ಣ ಬಳಿದು ಮುಗಿಸಿ. ಹಲ್ಲುಕಡ್ಡಿಗೆ ಸಿಕ್ಕಿಸಿ ತಿರುಗಿಸುತ್ತ ರಬ್ಬರ್ ಅಂಚಿಗೆ ಕಡು ಬೂದಿ ಬಳಿದರೆ ಗೆರೆ ತಾನಾಗಿ ದುಂಡಗೆ ಬರುತ್ತದೆ. ಅಚ್ಚ ಕಪ್ಪು ಮಾತ್ರ ಬೇಡ, ಇಷ್ಟು ಸಣ್ಣ ವಸ್ತುವಿನ ಮೇಲೆ ಅದು ಮಸಿಯ ಹಾಗೆ ಕಾಣುತ್ತದೆ.

ಟ್ರ್ಯಾಕಿನಲ್ಲಿ ಮೂರು ದಾರಿ. ಒಂದು, ಟಮಿಯಾದಲ್ಲಿ ಬರುವಂಥ ಬೆಲ್ಟು. ಎರಡು, ಕೊಂಡಿಕೊಂಡಿಯಾಗಿ ಜೋಡಿಸುವ ಪ್ಲಾಸ್ಟಿಕ್. ಮೂರು, ಹಂಗರಿಯ ಫ್ರಿಯುಲ್ ಮಾಡುವಂಥ ಲೋಹದ ಕೊಂಡಿಗಳು. ಟೈಗರಿನ ಒಂದು ಬದಿಗೆ 96 ಕೊಂಡಿ, ಎರಡೂ ಬದಿಗೆ 192. ಗುಂಡಿನ ಕತೆಯೇ ಇಲ್ಲೂ. ಲೋಹದ್ದು ತನ್ನ ತೂಕಕ್ಕೆ ತಾನೇ ಜೋಲುವುದರಿಂದ ನೋಡಲು ಬಲು ಚೆಂದ. ಆದರೆ ಬೆಲೆ ಕೆಲವೊಮ್ಮೆ ಕಿಟ್ಟಿನಷ್ಟೇ ಆಗುತ್ತದೆ. ನಿಮಗೆ ಬೆಲ್ಟು ಸಾಕು, ಒಂದು ಷರತ್ತಿನ ಮೇಲೆ. ಟೈಗರಿನ ಟ್ರ್ಯಾಕಿಗೆ ಮೇಲೆ ಆತುಕೊಳ್ಳಲು ಬೇರೆ ರೋಲರುಗಳಿಲ್ಲ, ಅದು ಸೀದಾ ಚಕ್ರಗಳ ನೆತ್ತಿಯ ಮೇಲೆ ಮಲಗುತ್ತದೆ. ಬೆಲ್ಟು ಬಿಗಿಯಾಗಿ ತಂತಿಯ ಹಾಗೆ ನಿಂತರೆ ಟ್ಯಾಂಕು ಆಟಿಕೆಯಾಯಿತು. ಮೇಲಿನ ಓಟವನ್ನು ಚಕ್ರಕ್ಕೆ ಒತ್ತಿ ಅಂಟಿಸಿ, ಒಣಗುವವರೆಗೆ ಸಂದಿನಲ್ಲಿ ಸ್ಪಂಜಿನ ತುಂಡು ತುರುಕಿಡಿ. ಈ ಒಂದು ಕೆಲಸ ಮಾಡಿದರೆ ಬೆಲ್ಟು ಎಂದು ಯಾರೂ ಗುರುತಿಸುವುದಿಲ್ಲ.

ಹಳೇ ಕಿಟ್ ಸೆಕೆಂಡ್ ಹ್ಯಾಂಡ್ ಸಿಕ್ಕಿತೆಂದು ಹಿಗ್ಗುವ ಮೊದಲು ಬೆಲ್ಟನ್ನು ಮುಟ್ಟಿ ನೋಡಿ. ಕೆಲವು ಹಳೇ ವಿನೈಲ್ ಟ್ರ್ಯಾಕುಗಳಿಂದ, ಅವು ಮೆದುವಾಗಿರಲೆಂದು ಬೆರೆಸಿದ ಎಣ್ಣೆ ಒಸರುತ್ತದೆ, ಅದು ತಾಗಿದ ಪ್ಲಾಸ್ಟಿಕ್ ಕರಗುತ್ತದೆ. ನಾನು ಹೀಗೆ ಅಗ್ಗಕ್ಕೆ ತಂದ ಒಂದು ಟ್ಯಾಂಕು ಕಪಾಟಿನಲ್ಲಿ ಚೆನ್ನಾಗಿಯೇ ನಿಂತಿತ್ತು. ನಾಲ್ಕು ವರ್ಷ ಕಳೆದು ಧೂಳು ಒರೆಸಲು ಎತ್ತಿದರೆ ಚಕ್ರಗಳು ಟ್ರ್ಯಾಕಿನ ಜೊತೆಗೇ ಬೆಲ್ಲದ ಪಾಕದ ಹಾಗೆ ಅಂಟಿ ಬಂದವು. ಅಲ್ಲಿಂದೀಚೆಗೆ ಬೆಲ್ಟು ಕೂರಿಸುವ ಮುನ್ನ ಚಕ್ರಕ್ಕೆ ಎರಡು ಪದರ ಬಣ್ಣ ಇರಲೇಬೇಕೆಂಬ ನಿಯಮ ಮಾಡಿಕೊಂಡಿದ್ದೇನೆ.

ಬಣ್ಣದ ವಿಷಯದಲ್ಲಿ ಜಗಳಗಳಿಗೆ ಕೊನೆಯಿಲ್ಲ, ನಾನು ಅದರೊಳಗೆ ಇಳಿಯುವುದಿಲ್ಲ. ತಿಳಿದಿರಬೇಕಾದ್ದು ಇಷ್ಟು: 1943ರ ಫೆಬ್ರವರಿವರೆಗೆ ಜರ್ಮನ್ ಟ್ಯಾಂಕುಗಳ ಮೂಲಬಣ್ಣ ಕಡು ಬೂದಿ. ಆ ತಿಂಗಳ ಆದೇಶದಿಂದ ಅದು ಕಡು ಹಳದಿಯಾಯಿತು, ಅದರ ಮೇಲೆ ಹಸಿರು ಮತ್ತು ಕೆಂಗಂದಿನ ಪಟ್ಟೆ. ಪಟ್ಟೆಗಳನ್ನು ಹೆಚ್ಚಾಗಿ ಬಳಿದದ್ದು ಆಯಾ ಪಡೆಯವರೇ, ಡಬ್ಬಿಯಲ್ಲಿ ಬರುತ್ತಿದ್ದ ಗಟ್ಟಿ ಬಣ್ಣವನ್ನು ನೀರಿಗೋ ಪೆಟ್ರೋಲಿಗೋ ಕಲಸಿ. ಹಾಗಾಗಿ ಎರಡು ಟ್ಯಾಂಕು ಒಂದೇ ಥರ ಇರಲಿಲ್ಲ, ನಿಮ್ಮ ಕೈ ಸ್ವಲ್ಪ ಅತ್ತಿತ್ತ ಹೋದರೂ ಯಾರೂ ತಪ್ಪು ಎನ್ನಲಾರರು. ಟ್ಯುನೀಶಿಯಾದ ಟೈಗರುಗಳು ಮಾತ್ರ ಈ ಎರಡಕ್ಕೂ ಸೇರಿದವಲ್ಲ, ಅವಕ್ಕೆ ಮರುಭೂಮಿಗೆಂದು ಗೊತ್ತು ಮಾಡಿದ ಕಂದು ಛಾಯೆಯ ಬಣ್ಣ. 131 ಕಟ್ಟುವುದಾದರೆ ‘ಡಾರ್ಕ್ ಯೆಲ್ಲೋ’ ಶೀಶೆ ತರಬೇಡಿ, ಆಫ್ರಿಕಾ ಕೋರ್ (ಉತ್ತರ ಆಫ್ರಿಕಾದಲ್ಲಿದ್ದ ಜರ್ಮನ್ ಪಡೆ) ಎಂದು ಬರೆದಿರುವ ಕಂದು ಬಣ್ಣ ನೋಡಿ.

ಬಣ್ಣ, ಅಂಟು, ತಿನ್ನರುಗಳನ್ನು ವಿದೇಶದಿಂದ ತರಿಸುವ ಯೋಚನೆ ಬಿಡಿ. ಬೆಂಕಿ ಹಿಡಿಯುವ ದ್ರವವಾದ್ದರಿಂದ ವಿಮಾನದ ಅಂಚೆಯಲ್ಲಿ ಅವುಗಳಿಗೆ ತಡೆ ಇದೆ. ಕಿಟ್ ಎಲ್ಲಿಂದಲಾದರೂ ಬರಲಿ, ಶೀಶೆಗಳು ಇಲ್ಲಿನ ಅಂಗಡಿಯವೇ ಆಗಲಿ. ಇನ್ನೊಂದು, ನೀವು ಸಾಗರದವರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಲ್ಯಾಕರ್ ಬಣ್ಣ ಸಿಂಪಡಿಸಲು ಹೋಗಬೇಡಿ. ಗಾಳಿಯ ಪಸೆ ಹಸಿ ಬಣ್ಣದ ಮೇಲೆ ಕೂತು ಹಾಲು ಚೆಲ್ಲಿದ ಹಾಗೆ ಬೆಳ್ಳಗಾಗುತ್ತದೆ. ಮಳೆಗಾಲದಲ್ಲಿ ಕತ್ತರಿಸಿ, ಉಜ್ಜಿ, ಜೋಡಿಸಿ. ಬಣ್ಣಕ್ಕೆ ದೀಪಾವಳಿ ಕಳೆಯಲಿ. ಏರ್‌ಬ್ರಷ್ ಈಗಲೇ ಬೇಕಿಲ್ಲ, ಸ್ಪ್ರೇ ಡಬ್ಬಿಯ ಪ್ರೈಮರ್ ಮತ್ತು ಒಂದು ಒಳ್ಳೆಯ ಚಪ್ಪಟೆ ಬ್ರಷ್ಷಿನಲ್ಲಿ 131 ಆಗುತ್ತದೆ. ಆದರೆ ಕತ್ತರಿಸುವ ನಿಪ್ಪರಿಗೆ ಜಿಪುಣತನ ಮಾಡಬೇಡಿ. ಆನೆ ಕೊಂಡು ಅಂಕುಶಕ್ಕೆ ಚೌಕಾಸಿ ಮಾಡಿದ ಹಾಗಾಗುತ್ತದೆ. ಮೊಂಡು ನಿಪ್ಪರ್ ಪ್ಲಾಸ್ಟಿಕ್ಕನ್ನು ಕತ್ತರಿಸುವುದಿಲ್ಲ, ಹರಿಯುತ್ತದೆ. ಆ ಗಾಯ ಮುಚ್ಚಲು ಗಂಟೆಗಟ್ಟಲೆ ಪುಟ್ಟಿ ಉಜ್ಜಬೇಕು.

ಅಂಗಡಿಯಲ್ಲಿ ಇನ್ನೊಂದು ಬಗೆಯ ಪೆಟ್ಟಿಗೆ ಕಾಣುತ್ತದೆ, ಮೇಲೆ ಮಿಖಾಯೆಲ್ ವಿಟ್‌ಮನ್ ಎಂಬ ಹೆಸರು ಮಿಂಚುತ್ತಿರುತ್ತದೆ. ವಿಟ್‌ಮನ್ ವಾಫೆನ್-ಎಸ್‌ಎಸ್‌ನ, ಎಂದರೆ ನಾಜಿಗಳ ಎಸ್‌ಎಸ್ ಸಂಘಟನೆಯ ಸೈನಿಕ ಶಾಖೆಯ, ಅಧಿಕಾರಿ. 1944ರ ಜೂನ್ 13ರಂದು ನಾರ್ಮಂಡಿಯ ವಿಲೆರ್-ಬೊಕಾಜ್‌ನಲ್ಲಿ ನಡೆದ ಕಾಳಗದಿಂದ ಹೆಸರು ಮಾಡಿದವನು, ಎರಡು ತಿಂಗಳೊಳಗೆ ನಾರ್ಮಂಡಿಯಲ್ಲೇ ಸತ್ತ. ಆ ಪೆಟ್ಟಿಗೆಯಲ್ಲಿ ಹೆಚ್ಚಾಗಿ ಇರುವ ವ್ಯತ್ಯಾಸ ಡೆಕಾಲ್ ಹಾಳೆ, ಕೆಲವೊಮ್ಮೆ ಒಂದು ಗೊಂಬೆ. ಅದಕ್ಕೆ ನಾನು ಒಂದು ರೂಪಾಯಿಯನ್ನೂ ಹೆಚ್ಚು ಕೊಡುವುದಿಲ್ಲ. ಯುದ್ಧ ಮುಗಿದ ಮೇಲೆ ನ್ಯೂರೆಂಬರ್ಗಿನ ನ್ಯಾಯಮಂಡಳಿ ಎಸ್‌ಎಸ್ ಅನ್ನು ಅಪರಾಧಿ ಸಂಘಟನೆ ಎಂದು ಘೋಷಿಸಿತು. ನಿಮ್ಮ ಮಗಳು ‘ಅಪ್ಪಾ, ಇವನು ಯಾರು?’ ಎಂದು ಕೇಳಿಯೇ ಕೇಳುತ್ತಾಳೆ. 131ರಲ್ಲಿ ಆ ಪ್ರಶ್ನೆಗೆ ಉತ್ತರ ಸುಲಭ: ಓಡಿಹೋದವರ ಟ್ಯಾಂಕು, ಹಿಡಿದವರ ಮ್ಯೂಸಿಯಮ್ಮಿನಲ್ಲಿದೆ.

ಮಗಳನ್ನು ಖಂಡಿತ ಕೂರಿಸಿಕೊಳ್ಳಿ. ಚಾಕುವಿನ ಕೆಲಸ ನಿಮ್ಮದು, ಚಕ್ರಗಳ ಬಣ್ಣ ಅವಳದ್ದು. ಹನ್ನೊಂದು ವರ್ಷದ ಕಣ್ಣು ಮತ್ತು ಬೆರಳು ನಮ್ಮದಕ್ಕಿಂತ ಚೆನ್ನಾಗಿರುತ್ತವೆ. ತೆಳು ಅಂಟಿನ ವಾಸನೆ ತಲೆಗೆ ಏರುತ್ತದೆ, ಕಿಟಕಿ ತೆರೆದಿಡಿ. ಅವಳ ಕೈಗೆ ಕೊಡುವುದಾದರೆ ಕಿತ್ತಳೆ ಸಿಪ್ಪೆಯ ವಾಸನೆ ಬರುವ ಲಿಮೊನೀನ್ ಅಂಟು ಸಿಗುತ್ತದೆ, ಅದು ಮೂಗಿಗೆ ಹಿತ. 48 ಚಕ್ರ ಮುಗಿಯುವಷ್ಟರಲ್ಲಿ ಅವಳಿಗೆ ತನ್ನದೇ ಒಂದು ಬೇಕೆನ್ನಿಸುತ್ತದೆ. ಆಗ 1:72ರದ್ದೊಂದು ತಂದುಕೊಡಿ, ಯಾವ ಟ್ಯಾಂಕು ಎಂದು ಅವಳೇ ಆರಿಸಲಿ. ಗುಲಾಬಿ ಬಣ್ಣ ಬಳಿಯುತ್ತೇನೆ ಎಂದರೂ ತಡೆಯಬೇಡಿ. ಬ್ರಿಟಿಷರು ಮರುಭೂಮಿಯಲ್ಲಿ ನಸುಗುಲಾಬಿ ಬಣ್ಣದ ಗಾಡಿಗಳನ್ನು ನಿಜವಾಗಿಯೂ ಓಡಿಸಿದ್ದಾರೆ.